ಎಲೆಯ ಮೇಲಿನ ಧೂಳು



ದೆಹಲಿಯಲ್ಲಿ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ವಾಹನಗಳು ಎಡೆಬಿಡದೆ ಸಾಗುವ ರಸ್ತೆಯ ಬದಿಯ ಬೇವಿನ ಮರದಿಂದ ಎಲೆಯೊಂದನ್ನು ಕಿತ್ತು ಬಿಳಿಯ ಬಟ್ಟೆಯಿಂದ ಒರೆಸಿದರೆ, ಬಟ್ಟೆಯ ಮೇಲೆ ಕಂದುಗಪ್ಪಿನ ಗೆರೆಯೊಂದು ಮೂಡುತ್ತದೆ. ಅದರಲ್ಲಿ ರಸ್ತೆಯ ಮಣ್ಣು, ಕಟ್ಟಡ ಕಾಮಗಾರಿಯ ಸಿಮೆಂಟ್ ಪುಡಿ, ಟೈರು ಮತ್ತು ಬ್ರೇಕುಗಳು ಸವೆದ ಕಣ, ಡೀಸೆಲ್ ಹೊಗೆಯ ಮಸಿ ಎಲ್ಲವೂ ಬೆರೆತಿರುತ್ತವೆ. ಎಲೆಯು ಹಿಡಿದಿಡದೆ ಹೋಗಿದ್ದರೆ ಇದರಲ್ಲಿ ಒಂದಂಶ ದಾರಿಹೋಕರ ಶ್ವಾಸಕೋಶವನ್ನು ಸೇರುತ್ತಿತ್ತು. ಮರಗಳ ಈ ಉಪಕಾರ ಎಷ್ಟರಮಟ್ಟಿನದು, ಅದರ ಮಿತಿ ಎಲ್ಲಿದೆ ಎಂಬುದನ್ನು ನಗರವಾಸಿಗಳು ಅರಿತಿರುವುದು ಅಗತ್ಯ.

ವಾಯುವಿನಲ್ಲಿ ತೇಲುವ ಕಣಗಳನ್ನು ಅವುಗಳ ಗಾತ್ರದಿಂದ ವಿಂಗಡಿಸುವುದು ವಾಡಿಕೆ. 10 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳನ್ನು ಪಿಎಂ 10 ಎಂದೂ, 2.5 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಎರಡನೆಯ ಬಗೆಯ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವಾದ್ದರಿಂದ ಹೆಚ್ಚು ಅಪಾಯಕಾರಿ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಕದ ಪ್ರಕಾರ ಘನಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5.

ಎಲೆಯು ಕಣವನ್ನು ಹಿಡಿಯುವ ಕ್ರಮ ಕುತೂಹಲಕರವಾಗಿದೆ. ದಪ್ಪ ಧೂಳು ತನ್ನ ತೂಕದಿಂದಲೇ ಎಲೆಯ ಮೇಲೆ ಇಳಿದು ಕೂರುತ್ತದೆ. ಅದಕ್ಕಿಂತ ಸಣ್ಣದಾದ ಕಣ ಗಾಳಿಯ ಜೊತೆ ಸಾಗುತ್ತಿರುತ್ತದೆ. ಎದುರಿಗೆ ಎಲೆ ಬಂದಾಗ ಗಾಳಿ ಬಳಸಿಕೊಂಡು ಮುಂದೆ ಹೋಗುತ್ತದೆ, ಕಣವು ತಿರುಗಲಾರದೆ ಎಲೆಗೆ ಬಡಿದು ಅಂಟುತ್ತದೆ. ಒಂದು ಮೈಕ್ರಾನಿನ ಹತ್ತನೆಯ ಒಂದಂಶಕ್ಕಿಂತಲೂ ಕಿರಿದಾದ ಕಣಗಳು ಗಾಳಿಯ ಅಣುಗಳ ತಾಕಲಾಟದಿಂದ ಅತ್ತಿತ್ತ ಅಲೆಯುತ್ತಾ ಎಲೆಯನ್ನು ಮುಟ್ಟಿ ಸಿಕ್ಕಿಬೀಳುತ್ತವೆ. ಈ ಎರಡರ ನಡುವಿನ ಗಾತ್ರದವು ಬಡಿಯುವಷ್ಟು ಭಾರವೂ ಅಲ್ಲ, ಅಲೆಯುವಷ್ಟು ಹಗುರವೂ ಅಲ್ಲ. ಅವೇ ಎಲೆಗೆ ಅತ್ಯಂತ ಕಡಿಮೆ ಸಿಗುವ ಕಣಗಳು.

ಎಲೆಯ ಮೈ ಹೇಗಿದೆ ಎಂಬುದರ ಮೇಲೂ ಬಹಳಷ್ಟು ನಿಂತಿದೆ. ತೇಗದ ಎಲೆಯ ಒರಟುತನ, ಎಕ್ಕದ ಎಲೆಯ ಬಿಳಿಯ ನವಿರು, ನರಗಳ ನಡುವಿನ ತಗ್ಗು, ಮೇಲ್ಮೈಯ ಮೇಣ ಇವೆಲ್ಲ ಕಣಗಳಿಗೆ ಬಲೆಗಳು. ಉದ್ದ ತೊಟ್ಟಿನ ಮೇಲೆ ಸದಾ ಅಲುಗುವ ಎಲೆಗಿಂತ ಗಿಡ್ಡ ತೊಟ್ಟಿನ, ಬಿಗಿಯಾಗಿ ನಿಂತ ಎಲೆಯಲ್ಲಿ ಧೂಳು ಹೆಚ್ಚು ಕಾಲ ನಿಲ್ಲುತ್ತದೆ. ಇದರ ಬೆಲೆಯನ್ನು ಮರವೇ ತೆರಬೇಕಾಗುತ್ತದೆ. ಧೂಳಿನ ಹೊದಿಕೆ ಬೆಳಕನ್ನು ತಡೆಯುತ್ತದೆ, ಪತ್ರರಂಧ್ರಗಳನ್ನು ಮುಚ್ಚುತ್ತದೆ, ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಆದ್ದರಿಂದ ಹಸಿರು ಪಟ್ಟಿಗೆ ಮರಗಳನ್ನು ಆರಿಸುವಾಗ ಮಾಲಿನ್ಯವನ್ನು ತಾಳಿಕೊಳ್ಳುವ ಶಕ್ತಿಯನ್ನೂ ಗಣಿಸಬೇಕು. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯು ಹಸಿರು ಪಟ್ಟಿಗಳ ಕುರಿತು 2000ದಲ್ಲಿ ಮಾರ್ಗಸೂಚಿಯನ್ನೇ ಹೊರತಂದಿದೆ.

ಇಷ್ಟು ಕೇಳಿದವರಿಗೆ, ಸಾಕಷ್ಟು ಮರಗಳನ್ನು ನೆಟ್ಟರೆ ನಗರದ ಗಾಳಿ ತಾನಾಗಿ ಶುದ್ಧವಾದೀತು ಎನ್ನಿಸಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಅಮೆರಿಕದ ಹತ್ತು ನಗರಗಳ ಬಗ್ಗೆ ಡೇವಿಡ್ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿಂದ ಪಿಎಂ 2.5ರಲ್ಲಿ ಆದ ಸುಧಾರಣೆಯ ವಾರ್ಷಿಕ ಸರಾಸರಿ ಶೇಕಡಾ 0.05ರಿಂದ 0.24ರಷ್ಟು ಮಾತ್ರವೆಂದು ಕಂಡುಬಂದಿತು. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಕಾಸ್ಟರಿನಿಂದ ಬಂದ ವರದಿ ಬೇರೆಯದನ್ನೇ ಹೇಳುವಂತೆ ತೋರುತ್ತದೆ. ಅಲ್ಲಿ ರಸ್ತೆಬದಿಯ ಸಾಲುಮನೆಗಳ ಮುಂದೆ ಕುಂಡಗಳಲ್ಲಿ ಬೆಳೆದ ಎಳೆಯ ಬರ್ಚ್ ಮರಗಳನ್ನು ಸುಮಾರು ಎರಡು ವಾರ ಸಾಲಾಗಿ ನಿಲ್ಲಿಸಿದಾಗ ಮನೆಯೊಳಗಿನ ಕಣಗಳ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಈ ಬರ್ಚ್, ಹಿಂದೆ ಓಲೆಯಾಗಿ ಬಳಸುತ್ತಿದ್ದ ನಮ್ಮ ಹಿಮಾಲಯದ ಭೂರ್ಜವೃಕ್ಷದ ಬಂಧುವೇ. ಎರಡೂ ಫಲಿತಾಂಶಗಳಲ್ಲಿ ವಿರೋಧವಿಲ್ಲ. ನಗರದ ಮೇಲಿನ ಗಾಳಿಯ ರಾಶಿ ಅಪಾರ. ಅದರಲ್ಲಿ ಎಲೆಗಳನ್ನು ಮುಟ್ಟಿ ಹೋಗುವುದು ಅಲ್ಪಾಂಶ. ಹೊಗೆ ಹುಟ್ಟುವ ರಸ್ತೆಗೂ ಉಸಿರಾಡುವ ಮನೆಗೂ ನಡುವೆ ಎಲೆಯ ತೆರೆಯಿದ್ದರೆ ಮಾತ್ರ ಅದರ ಫಲ ನೇರವಾಗಿ ದೊರೆಯುತ್ತದೆ. ನಗರಕ್ಕೆಲ್ಲ ಮರಗಳು ವಾಹನ, ಕಾರ್ಖಾನೆ, ಕಾಮಗಾರಿಗಳ ನಿಯಂತ್ರಣಕ್ಕೆ ಬದಲಿಯಾಗಲಾರವು. ಶಾಲೆಯ ಆವರಣಕ್ಕೆ, ಆಸ್ಪತ್ರೆಯ ಕಿಟಕಿಗೆ ಅವು ನಿಜವಾದ ರಕ್ಷಣೆಯಾಗಬಲ್ಲವು.

ಸ್ಥಳ ನೋಡದೆ ನೆಡುವುದೂ ತರವಲ್ಲ. ಪುಣೆಯ ಹಳೆಯ ಪೇಟೆಗಳಂತಹ ಇಕ್ಕಟ್ಟಾದ ಬೀದಿಗಳಲ್ಲಿ, ಎರಡೂ ಬದಿಯ ಕಟ್ಟಡಗಳ ನಡುವೆ ದಟ್ಟವಾದ ಹಂದರ ಕವಿದರೆ ಹೊಗೆ ಮೇಲೇರದೆ ಅಲ್ಲಿಯೇ ತಂಗುತ್ತದೆ. ಅಂತಹ ಕಡೆ ಕುಳ್ಳಾದ ಪೊದೆಬೇಲಿಯೇ ಮೇಲು.

ಎಲೆಯು ಧೂಳನ್ನು ಹಿಡಿದಿಡುತ್ತದೆ, ಬಹುಪಾಲನ್ನು ಜೀರ್ಣಿಸಿಕೊಳ್ಳುವುದಿಲ್ಲ. ಬಿರುಗಾಳಿ ಬೀಸಿದರೆ ಅದು ಮತ್ತೆ ಗಾಳಿಗೆ ಸೇರುತ್ತದೆ; ಮಳೆ ಬಂದರೆ ನೆಲಕ್ಕಿಳಿಯುತ್ತದೆ, ಎಲೆ ಮತ್ತೆ ಹೊಸ ಕಣಗಳಿಗೆ ಸಿದ್ಧವಾಗುತ್ತದೆ. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ ಈ ಕೆಲಸವನ್ನು ಮಾಡುತ್ತದೆ. ದೆಹಲಿಯಲ್ಲಿ ಮಾಲಿನ್ಯ ತುತ್ತತುದಿಗೇರುವ ಅದೇ ತಿಂಗಳುಗಳಲ್ಲಿ ಮಳೆಯೇ ಅಪರೂಪ. ಸ್ಥಳೀಯ ಸಂಸ್ಥೆಗಳು ಟ್ಯಾಂಕರುಗಳಿಂದ ರಸ್ತೆಬದಿಯ ಮರಗಳಿಗೆ ನೀರು ಸಿಂಪಡಿಸುವುದಕ್ಕೆ ಇದೇ ಕಾರಣ. ಚಳಿಗಾಲದಲ್ಲಿ ಬರಿದಾಗಿ ನಿಲ್ಲುವ ಬೂರುಗಕ್ಕಿಂತ, ಆ ಕಾಲದಲ್ಲಿಯೂ ಎಲೆ ಹೊತ್ತಿರುವ ಬೇವು, ನೇರಳೆ, ಮಾವು ದೆಹಲಿಗೆ ಹೆಚ್ಚು ಉಪಯುಕ್ತವೆನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

2018ರಲ್ಲಿ ದಕ್ಷಿಣ ದೆಹಲಿಯ ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಸರ್ಕಾರಿ ವಸತಿ ಬಡಾವಣೆಗಳ ಪುನರ್ನಿರ್ಮಾಣಕ್ಕಾಗಿ ಸಾವಿರಾರು ಮರಗಳನ್ನು ಕಡಿಯುವ ಪ್ರಸ್ತಾವ ಬಂದಾಗ, ನಿವಾಸಿಗಳು ಮರಗಳನ್ನು ತಬ್ಬಿ ನಿಂತರು. ದೆಹಲಿ ಉಚ್ಚ ನ್ಯಾಯಾಲಯವು ಕಡಿತಕ್ಕೆ ತಡೆ ನೀಡಿತು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುವ ಪರಿಹಾರ ನ್ಯಾಯವಾಗಿ ಕಾಣುತ್ತದೆ. ಆದರೆ ಹತ್ತು ಮೀಟರ್ ಅಗಲ ಹರಡಿದ ಹಳೆಯ ಮರ ಮುಚ್ಚುವ ನೆಲ, ಒಂದು ಮೀಟರ್ ಅಗಲದ ಸಸಿ ಮುಚ್ಚುವ ನೆಲದ ನೂರು ಪಟ್ಟು. ಹತ್ತೂ ಸಸಿಗಳು ಬದುಕಿದರೂ ಮೊದಲ ವರ್ಷಗಳಲ್ಲಿ ಹತ್ತನೆಯ ಒಂದು ಪಾಲು ತುಂಬಿದಂತಾಯಿತು. ಹಳೆಯ ಮರದಲ್ಲಿ ಎಲೆಗಳು ಪದರ ಪದರವಾಗಿರುವುದನ್ನು ಸೇರಿಸಿದರೆ ಅಂತರ ಇನ್ನೂ ದೊಡ್ಡದು. ಮಧ್ಯದ ಆ ವರ್ಷಗಳಲ್ಲಿ ಬೆಳೆಯುವ ಮಕ್ಕಳು ಸಸಿ ದೊಡ್ಡದಾಗುವವರೆಗೆ ಉಸಿರು ಬಿಗಿಹಿಡಿದಿರಲಾರರು.

ಇನ್ನುಳಿದದ್ದು ಉದುರೆಲೆಯ ವಿಷಯ. ದೆಹಲಿಯಲ್ಲಿ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಬೇವು ಮತ್ತು ಅರಳಿ ಎಲೆ ಉದುರಿಸುತ್ತವೆ. ಗುಡಿಸಿದ ರಾಶಿಗೆ ಬೆಂಕಿಯಿಟ್ಟರೆ ಎಲೆಯ ಹೊಗೆಯೊಂದಿಗೆ ಅದರ ಮೇಲೆ ಕೂಡಿದ ಕಣಗಳಲ್ಲಿ ಒಂದು ಪಾಲೂ ಮತ್ತೆ ಗಾಳಿಗೆ ಏರುತ್ತದೆ. ದೆಹಲಿಯಲ್ಲಿ ಹೀಗೆ ಬಯಲಿನಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಬಡಾವಣೆಯ ಉದ್ಯಾನದ ಮೂಲೆಯಲ್ಲಿ ಗುಂಡಿ ತೋಡಿ, ಎಲೆಯನ್ನು ತುಂಬಿ, ಮೇಲೆ ತೆಳುವಾಗಿ ಮಣ್ಣು ಹರಡಿ ಆಗಾಗ ನೀರು ಚಿಮುಕಿಸಿದರೆ ಅದು ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ.