‘ಹೋಗಿ ಬರುತ್ತೇನೆ’ ಎನ್ನಲಾರದವರು
(ಮೊಗ್ರಾಲಿನಲ್ಲಿ ಜರಗಿದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಕನ್ನಡಕ್ಕಾಗಿ ದುಡಿದ ಹಿರಿಯರನ್ನು ಸ್ಮರಿಸುವುದು ಗಡಿನಾಡಿನ ನಮಗೆಲ್ಲ ಒಗ್ಗಿಹೋದ ಪದ್ಧತಿ. ಆ ಸ್ಮರಣೆಯಲ್ಲಿ ಮೋಗ್ಲಿಂಗ್ ಮತ್ತು ಕಿಟ್ಟೆಲ್ ಎಂಬ ಎರಡು ಹೆಸರುಗಳು ತಪ್ಪದೆ ಬರುತ್ತವೆ. ಅವರು ಕಡಲು ದಾಟಿ ಬಂದರು, ನಮ್ಮ ನುಡಿಯನ್ನು ಕಲಿತರು, ನಮಗೇ ಅದನ್ನು ತಿದ್ದಿ ತೀಡಿ ಒಪ್ಪಿಸಿದರು ಎಂದು ನಾವು ಕೃತಜ್ಞತೆಯಿಂದ ಹೇಳುತ್ತೇವೆ. ಹೇಳಬೇಕಾದುದೇ ಸರಿ. ಆದರೆ ಅವರು ಬಂದರು ಎನ್ನುವಾಗ, ಎಲ್ಲಿಂದಲೋ ಹೊರಟರು ಎಂಬುದನ್ನೂ ನೆನೆಯಬೇಕಷ್ಟೆ? ಹೊರಟ ಮನೆಯಲ್ಲಿ ತಂದೆತಾಯಿಗಳಿದ್ದರು, ಒಡಹುಟ್ಟಿದವರಿದ್ದರು. ಅವರನ್ನು ಕುರಿತು ನಮ್ಮ ಗ್ರಂಥಗಳು ಹೇಳುವುದು ಅತ್ಯಲ್ಪ. ದೂರದೇಶದ ಧರ್ಮಸೇವೆಗೆ ಹೊರಟ ಅಣ್ಣನನ್ನೋ ತಂಗಿಯನ್ನೋ ಬೀಳ್ಕೊಟ್ಟು ಮನೆಯಲ್ಲೇ ಉಳಿದವರ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದಿದ್ದೇನೆ.

ನಮ್ಮ ಮನೆಗಳಲ್ಲಿ ಹೊರಡುವವನು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಬಾಯಿತಪ್ಪಿ ‘ಹೋಗುತ್ತೇನೆ’ ಎಂದರೆ ಅಜ್ಜಿ ತಡೆದು ನಿಲ್ಲಿಸಿ ಸರಿಯಾಗಿ ಹೇಳಿಸಿಯೇ ಕಳುಹಿಸುತ್ತಾಳೆ. ತುಳುವಿನಲ್ಲಿ ‘ಪೋದು ಬರ್ಪೆ’. ಮಲಯಾಳದಲ್ಲಿ ‘ಪೋಯಿಟ್ಟ್ ವರಾಂ’. ಈ ಊರಿನಲ್ಲಿ ಮೂರು ನುಡಿಗಳು ಬಳಕೆಯಲ್ಲಿವೆ, ಮೂರರಲ್ಲಿಯೂ ಮಾತು ಒಂದೇ. ತಿರುಗಿ ಬರುವ ಭರವಸೆಯಿಲ್ಲದ ಬೀಳ್ಕೊಡುಗೆಗೆ ಇಲ್ಲಿ ಶುಭವಚನವೇ ಇಲ್ಲ. ಹಾಗಿರುವಾಗ, ಬರುತ್ತೇನೆಂದು ಪ್ರಾಮಾಣಿಕವಾಗಿ ಹೇಳಲಾಗದೆ ಮನೆಯ ಹೊಸ್ತಿಲು ದಾಟಿದವರ ಪಾಡು ಏನಿದ್ದೀತು? ಆ ಮಾತನ್ನು ಕೇಳಲಾಗದೆ ಹಿಂದೆ ಉಳಿದವರ ಪಾಡು ಏನಿದ್ದೀತು?

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೇಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರದಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರನ್ನು ತಲಪಿದರು. ಅದಕ್ಕೆ ಒಂದು ವರ್ಷ ಮುಂಚೆ, 1833ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ಬದಲಾಗಿ ಇಂಗ್ಲೆಂಡಿನವರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆದಿತ್ತು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮೊದಲು ಹಾಯಿಹಡಗಿನಲ್ಲಿ ಆಫ್ರಿಕೆಯ ತುದಿಯನ್ನು ಬಳಸಿ ಬರುವುದಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಆ ದಾರಿಯಲ್ಲಿ ಬರುವ ಕಾಗದಕ್ಕೂ ಅಷ್ಟೇ ಕಾಲ. ತಮ್ಮನು ಕ್ಷೇಮದಿಂದ ಇಳಿದನೆಂಬ ಸುದ್ದಿ ಅಕ್ಕನ ಕೈಸೇರುವ ವೇಳೆಗೆ ಅವನು ಜ್ವರದಿಂದ ತೀರಿಹೋಗಿರುವ ಸಂಭವವೂ ಇತ್ತು. ಇಂದು ಕೊಲ್ಲಿ ದೇಶದಲ್ಲಿರುವ ಮಗನ ಮುಖವನ್ನು ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಕಾಣುವ ತಾಯಂದಿರಿಗೆ ಆ ಮೌನದ ಉದ್ದವನ್ನು ಊಹಿಸುವುದು ಸುಲಭವಲ್ಲ.

ಕಿಟ್ಟೆಲರ ವಿಷಯವನ್ನೇ ತೆಗೆದುಕೊಳ್ಳೋಣ. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲೆಂಡಿನಲ್ಲಿ ಒಬ್ಬ ಪಾದ್ರಿಯ ಹಿರಿಯ ಮಗನಾಗಿ ಅವರು ಹುಟ್ಟಿದರು. 1850ರಲ್ಲಿ ಬಾಸೆಲಿನ ಮಿಶನ್ ಶಾಲೆಯನ್ನು ಸೇರಿ, 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂದು. ಹಿರಿಯ ಮಗನು ಮನೆ ಬಿಟ್ಟು ಹೋಗುವುದೆಂದರೆ ಏನೆಂದು ನಮ್ಮ ಕೂಡುಕುಟುಂಬಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಮಿಶನ್ನಿನ ನಿಯಮವೂ ಕಠಿಣವಾಗಿತ್ತು. ತರುಣರು ಅವಿವಾಹಿತರಾಗಿಯೇ ಹೊರಡಬೇಕು. ಕೆಲವು ವರ್ಷಗಳ ಸೇವೆಯ ಬಳಿಕ, ಬಾಸೆಲಿನ ಸಮಿತಿಯ ಒಪ್ಪಿಗೆ ದೊರೆತರೆ ವಿವಾಹ. ವಧುವನ್ನು ಬಹಳ ಸಲ ಅಲ್ಲಿಯೇ ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ಮುಖಪರಿಚಯವೂ ಇಲ್ಲದ ವರನನ್ನು ಸೇರಲು ಎಷ್ಟೋ ಹುಡುಗಿಯರು ಹಾಗೆ ಹೊರಟುಬಂದರು. ಕಿಟ್ಟೆಲರು 1860ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡಳು. 1867ರಲ್ಲಿ ಕಿಟ್ಟೆಲರ ಕೈಹಿಡಿದವಳು ಆಕೆಯ ಸೋದರಿ ಜೂಲಿ.

ಈ ಸಂಗತಿಯನ್ನು ನಮ್ಮವರು ಜೀವನಚರಿತ್ರೆಯ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲಿನ ಬಳಿ ಕ್ಷಣಕಾಲ ನಿಲ್ಲಬೇಕೆಂದು ನನಗೆ ತೋರುತ್ತದೆ. ಒಂದು ಮನೆ ಒಬ್ಬ ಮಗಳನ್ನು ಬೀಳ್ಕೊಟ್ಟಿತು. ಆಕೆಯ ಮರಣವಾರ್ತೆಯನ್ನು ಕಾಗದದಲ್ಲಿ ಓದಿತು. ಆಮೇಲೆ ಇನ್ನೊಬ್ಬಳನ್ನು ಅದೇ ಕಡಲಿಗೆ, ಅದೇ ಬಿಸಿಲಿಗೆ ಕಳುಹಿಸಿಕೊಟ್ಟಿತು. ಮೊದಲನೆಯ ಬೀಳ್ಕೊಡುಗೆಯಲ್ಲಿ ಆಸೆಯಿದ್ದೀತು. ಎರಡನೆಯದರಲ್ಲಿ ಎಲ್ಲವೂ ತಿಳಿದಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಆ ಮಹಾಕೋಶದಲ್ಲಿ ಸುಮಾರು 70,000 ಶಬ್ದಗಳಿವೆಯೆನ್ನುತ್ತೇವೆ. ಮುಖಪುಟದಲ್ಲಿ ಹೆಸರು ಒಬ್ಬರದೇ. ಅದಕ್ಕೆ ತೆತ್ತ ಬೆಲೆಯಲ್ಲಿ ಮಾತ್ರ ಅಂಥ ಮನೆಗಳ ಪಾಲು ಸೇರಿದೆ.

ಮೋಗ್ಲಿಂಗರು ಬಂದುದು 1836ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದವರು ಅವರೇ. ಅವರ ಬಂಧು ಗೊಟ್‌ಫ್ರೀಡ್ ವೈಗ್ಲೆ ಅವರ ಹಿಂದೆಯೇ ಈ ಕರಾವಳಿಗೆ ಬಂದು ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದರು. ಒಂದೇ ಬಳಗದ ಇಬ್ಬರು ಹೀಗೆ ಹೊರಟರೆ ಹಿಂದೆ ಉಳಿದವರಿಗೆ ಮನೆಯೇ ಬರಿದಾದಂತಾಗಿರಬೇಕು. ವೈಗ್ಲೆ 1855ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ವಿಧವೆಯನ್ನು ಮೋಗ್ಲಿಂಗರು ಕೈಹಿಡಿದರು. ಆಕೆಯ ಆರೋಗ್ಯ ಕೆಟ್ಟಾಗ 1860ರಲ್ಲಿ ಭಾರತವನ್ನೇ ಬಿಟ್ಟು ಸ್ವದೇಶಕ್ಕೆ ಮರಳಿದರು. ದೂರದೇಶದಲ್ಲಿ ಬಂಧುವಿನ ಸಂಸಾರದ ಭಾರವನ್ನು ಬಂಧುವೇ ಹೊತ್ತ ಕಥೆಯಿದು.

ಇನ್ನು ನಮ್ಮ ಕಡೆಯ ಬೀಳ್ಕೊಡುಗೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಮುಂದೆ ಬಾಸೆಲಿಗೆ ಹೋಗಿ ಅಲ್ಲಿಯ ಮಿಶನ್ ಶಾಲೆಯಲ್ಲಿ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿದರು. ಅಂದಿನ ಸಮಾಜದಲ್ಲಿ ಮತಾಂತರವೆಂದರೂ ಸಮುದ್ರಯಾನವೆಂದರೂ ಜಾತಿಯಿಂದ ಹೊರಗಾದಂತೆಯೇ. ಹಾಗೆ ಹೋದವನು ಬದುಕಿರುವಾಗಲೇ ಮನೆಯವರಿಗೆ ಸತ್ತವನಾಗುತ್ತಿದ್ದ. ಅಲ್ಲಿ ಹಡಗುಕಟ್ಟೆಯಲ್ಲಿ ಪ್ರಾರ್ಥನೆ ಮಾಡಿ, ಹಾಡಿ ಕಳುಹಿಸಿದರೆ, ಇಲ್ಲಿ ಬಾಗಿಲು ಮುಚ್ಚಿ ಕಳುಹಿಸುತ್ತಿದ್ದರು. ಮುಚ್ಚಿದ ಬಾಗಿಲಿನ ಒಳಗೆ ನಿಂತವರಿಗೆ ದುಃಖ ಕಡಮೆಯಿತ್ತೆಂದು ಯಾರೂ ಭಾವಿಸಬಾರದು. ಹಾಡಿ ಅಳುವ ಅವಕಾಶವೂ ಅವರಿಗಿರಲಿಲ್ಲ.

ಮಿಶನರಿಗಳ ಮಕ್ಕಳ ಪಾಡು ಬೇರೆಯೇ. ಇಲ್ಲಿಯ ಹವೆಗೂ ರೋಗಗಳಿಗೂ ಅಂಜಿ, ವಿದ್ಯಾಭ್ಯಾಸವನ್ನೂ ಎಣಿಸಿ, ಎಳೆಯ ವಯಸ್ಸಿನಲ್ಲಿಯೇ ಅವರನ್ನು ಯೂರೋಪಿಗೆ ಕಳುಹಿಸುತ್ತಿದ್ದರು. ಡಾ. ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಚಿಕ್ಕವಳಾಗಿರುವಾಗಲೇ ಯೂರೋಪಿನಲ್ಲಿ ಬಿಡಲ್ಪಟ್ಟಳು. 1857ರಲ್ಲಿ, ಹದಿನೈದು ತುಂಬಿದವಳಾಗಿ, ತಂದೆತಾಯಿಗಳ ಬಳಿಗೆ ಮರಳಿದಳು. ಈಕೆಯ ಮಗನೇ ಮುಂದೆ ಜಗತ್ಪ್ರಸಿದ್ಧ ಲೇಖಕನಾದ ಹರ್ಮನ್ ಹೆಸ್ಸೆ. ಪರರ ಮಕ್ಕಳಿಗಾಗಿ ಶಾಲೆ ತೆರೆದವರು ತಮ್ಮ ಮಕ್ಕಳ ಬಾಲ್ಯವನ್ನು ಕಾಣದೆ ಹೋದರು. ಇದನ್ನು ತ್ಯಾಗವೆಂದು ಹೊಗಳುವುದಕ್ಕೆ ಮುಂಚೆ, ಆ ಮಕ್ಕಳನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯನ್ನು ನಾವು ಎತ್ತಲೇಬೇಕು.

ಇಷ್ಟೆಲ್ಲ ತೆತ್ತು ಅವರು ಸಾಧಿಸಿದ್ದೇನು ಎಂದು ಕೇಳುವವರಿದ್ದಾರೆ. ಅವರು ಬಂದುದು ಮತಪ್ರಚಾರಕ್ಕಾಗಿ. ಇದನ್ನು ಮರೆಮಾಚುವುದು ಅವರಿಗೂ ಸಲ್ಲದು, ನಮಗೂ ಸಲ್ಲದು. ನಮ್ಮ ಆಚಾರವಿಚಾರಗಳನ್ನು ಕುರಿತು ಅವರು ಬರೆದ ಮಾತುಗಳೆಲ್ಲ ನ್ಯಾಯವಾದವುಗಳಲ್ಲ. ಆದರೆ ಪರರ ಮನಸ್ಸನ್ನು ಗೆಲ್ಲಲು ಬಂದವರು ಮೊದಲು ಪರರ ಮಾತಿಗೆ ಶರಣಾದರು. ಗುಂಡರ್ಟರ ಮಲಯಾಳ ಕೋಶ 1872ರಲ್ಲಿ ಹೊರಬಂತು, ಅದೂ ಮಂಗಳೂರಿನಿಂದ. ಮೆನ್ನರರ ತುಳು ಕೋಶ 1886ರಲ್ಲಿ. ಕಿಟ್ಟೆಲರ ಕನ್ನಡ ಕೋಶ 1894ರಲ್ಲಿ. ಮಂಗಳೂರಿಗೂ ತಲಶ್ಶೇರಿಗೂ ನಡುವಣ ಈ ಮೊಗ್ರಾಲಿನ ಸಂತೆಯಲ್ಲಿ ಕಿವಿಗೆ ಬೀಳುವ ಮೂರು ನುಡಿಗಳಿಗೂ ಒಂದೇ ಮಿಶನ್ನಿನವರು ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಕೋಶಗಳನ್ನು ಕೊಟ್ಟರು. ಅವರ ಮತವನ್ನು ಒಪ್ಪದೆಯೂ ಈ ಋಣವನ್ನು ಒಪ್ಪಬಹುದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ; ಆದರೂ ‘ಗೊಲ್ಗೊಥಾ’ವನ್ನು ಬರೆದರು. ಪರಧರ್ಮದ ಹಿರಿಮೆಗೆ ತಲೆಬಾಗಿದರೆ ಸ್ವಧರ್ಮಕ್ಕೆ ಲೋಪವಿಲ್ಲವೆಂಬುದಕ್ಕೆ ಈ ತಾಲೂಕಿನಲ್ಲೇ ಸಾಕ್ಷಿಯಿದೆ.

ಕಾಲಚಕ್ರ ತಿರುಗಿತು. 1914ರಲ್ಲಿ ಮಹಾಯುದ್ಧ ಮೊದಲಾದಾಗ ಜರ್ಮನ್ ಮಿಶನರಿಗಳು ಶತ್ರುಪ್ರಜೆಗಳೆನಿಸಿಕೊಂಡು ಬಂಧನಕ್ಕೆ ಗುರಿಯಾದರು. ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಸ್ವಂತ ಊರನ್ನು ಬಿಟ್ಟು ಬಂದವರು ಈಗ ತಮ್ಮದೆಂದುಕೊಂಡ ಊರನ್ನೂ ಬಿಟ್ಟರು. ಇನ್ನೊಂದು ಕಡೆ, 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಅಪೊಸ್ತಲಿಕ ಕಾರ್ಮೆಲ್ ಸಂಸ್ಥೆಯ ಭಗಿನಿಯರು ಇಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿ, 1921ರಲ್ಲಿ ಸಂತ ಆ್ಯಗ್ನೆಸ್ ಕಾಲೇಜನ್ನು ತೆರೆದರು. ಇಂದು ಆ ಸಂಸ್ಥೆಯ ಭಾರತೀಯ ಭಗಿನಿಯರೇ ಆಫ್ರಿಕೆಗೂ ಕೊಲ್ಲಿ ದೇಶಗಳಿಗೂ ಹೋಗಿ ಸೇವೆ ಮಾಡುತ್ತಿದ್ದಾರೆ. ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು ಮೊದಲಾದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. ನೂರೈವತ್ತು ವರ್ಷಗಳ ಹಿಂದೆ ಯೂರೋಪಿನ ಹಳ್ಳಿಮನೆಗಳು ಕಂಡ ಬೀಳ್ಕೊಡುಗೆಯನ್ನು ಈಗ ಈ ಕರಾವಳಿಯ ಮನೆಗಳೂ ಕಾಣುತ್ತಿವೆ.

ಮಹನೀಯರೇ, ಬೀಳ್ಕೊಡುವುದು ಮೊಗ್ರಾಲಿಗೆ ಹೊಸತಲ್ಲ. ಮಾಪಿಳ್ಳೆ ಹಾಡುಗಳಿಗೆ ಹೆಸರಾದ ಈ ಊರಿನ ಮನೆಮನೆಯಿಂದಲೂ ಯಾರಾದರೊಬ್ಬರು ಮುಂಬಯಿಗೋ ದುಬಾಯಿಗೋ ಹೋದವರಿದ್ದಾರೆ. ಅವರದು ಹೊಟ್ಟೆಪಾಡಿನ ಪ್ರಯಾಣ, ಮಿಶನರಿಯದು ನಂಬಿಕೆಯ ಪ್ರಯಾಣ. ಇವೆರಡರ ನಡುವೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಸಂಬಳಕ್ಕಾಗಿ ಹೋಗುವವನನ್ನು ‘ಹೋಗಬೇಡ’ ಎಂದು ತಡೆಯುವ ಹಕ್ಕು ತಂಗಿಗಿದೆ. ದೇವರ ಕರೆಯೆಂದು ಹೊರಟವನನ್ನು ತಡೆಯಲು ಆಕೆಗೆ ಬಾಯಿಯೇ ಬರುವುದಿಲ್ಲ. ದೇವರ ಎದುರು ನಿಂತು ‘ಇವನು ನನ್ನ ಅಣ್ಣ’ ಎನ್ನುವುದು ಹೇಗೆ? ಆದುದರಿಂದಲೇ ಧರ್ಮಸೇವೆಗೆ ಹೋದವರ ಮನೆಯವರ ದುಃಖ ಇಮ್ಮಡಿಯಾದುದು. ಅಗಲಿಕೆಯ ನೋವೂ ಉಂಟು, ಆ ನೋವನ್ನು ಹೇಳಿದರೆ ಅಪಚಾರವಾದೀತೆಂಬ ಅಂಜಿಕೆಯೂ ಉಂಟು.

ಅಂಥ ಮನೆಗಳಿಗೆ, ಅವು ಯಾವ ಮತದವೇ ಆಗಲಿ, ನೆರೆಹೊರೆಯವರಾದ ನಾವು ಮಾಡಬಹುದಾದುದು ಮೂರು. ಬೀಳ್ಕೊಡುವ ಸಮಾರಂಭದಲ್ಲಿ ಹೋಗುವವರಿಗೆ ಹಾರ ಹಾಕುವಾಗ ಉಳಿಯುವವರನ್ನೂ ಬಳಿಯಲ್ಲಿ ಕೂರಿಸಿಕೊಂಡು, ಅಳುವವರಿಗೆ ಅಳಲು ಎಡೆಗೊಡಬೇಕು. ಹೆಮ್ಮೆಪಡಬೇಕೆಂದು ಯಾರನ್ನೂ ಬಲಾತ್ಕರಿಸಬಾರದು. ಮುಪ್ಪಿನ ತಂದೆತಾಯಿಗಳ ಸೇವೆ ಹಿಂದೆ ಉಳಿದ ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ. ಅದನ್ನೂ ಸೇವೆಯೆಂದು ಬಾಯಿತುಂಬ ಹೇಳಬೇಕು. ಕಡಲಾಚೆ ರೋಗಿಯ ಹಾಸಿಗೆಯ ಬಳಿ ಕುಳಿತ ಭಗಿನಿಗೂ ಇಲ್ಲಿ ತಾಯಿಯ ಹಾಸಿಗೆಯ ಬಳಿ ಕುಳಿತ ಅಕ್ಕನಿಗೂ ದೇವರ ಲೆಕ್ಕದಲ್ಲಿ ಭೇದವಿರಲಾರದು. ಕೊನೆಯದಾಗಿ, ಹೋದವರೊಡನೆ ಮನೆಯ ಮಾತಿನಲ್ಲಿ ಪತ್ರವ್ಯವಹಾರ ನಡೆಸಬೇಕು. ಬಾಸೆಲಿನ ಆ ಜನರು ಊರಿಗೆ ಬರೆದ ಕಾಗದಗಳನ್ನೂ ವರದಿಗಳನ್ನೂ ಅಲ್ಲಿಯ ದಫ್ತರಗಳಲ್ಲಿ ಇಂದಿಗೂ ಕಾಪಾಡಿಕೊಂಡಿದ್ದಾರೆ. ನಮ್ಮ ಕರಾವಳಿಯ ಚರಿತ್ರೆಯನ್ನು ಬರೆಯುವವರು ಅವನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮವರು ಬರೆದ ಎಷ್ಟು ಕಾಗದಗಳು ನಮ್ಮ ಪೆಟ್ಟಿಗೆಗಳಲ್ಲಿ ಉಳಿದಿವೆ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಎಲ್ಲಿಗೂ ಹೊರಟವರಲ್ಲ. ಕುಳಿತಲ್ಲಿಯೇ ಒಡಹುಟ್ಟಿದವರಿಂದ ಬೇರೆಯಾದೆವು. ಹಿಂದೆ ಉಳಿದವರ ನೋವು ಎಂಥದೆಂಬುದನ್ನು ಗಡಿನಾಡ ಕನ್ನಡಿಗರಿಗೆ ಪುಸ್ತಕ ನೋಡಿ ಕಲಿಸಬೇಕಾಗಿಲ್ಲ. ಆ ಅನುಭವವು ನಮ್ಮನ್ನು ಕಹಿಯಾಗಿಸದೆ, ಉಳಿದವರೆಲ್ಲರ ನೋವನ್ನು ಅರಿಯುವ ಮನಸ್ಸನ್ನು ಕೊಟ್ಟರೆ ಈ ಸಂಘದ ದುಡಿಮೆ ಸಾರ್ಥಕ. ಕಿಟ್ಟೆಲರ ಕೋಶವನ್ನು ಇನ್ನು ಮುಂದೆ ತೆರೆಯುವಾಗ ಪೌಲೀನ ಮತ್ತು ಜೂಲಿ ಎಂಬ ಅಕ್ಕತಂಗಿಯರನ್ನೂ, ಹೆಸರು ಉಳಿಯದೆ ಹೋದ ಅವರಂಥ ಅನೇಕರನ್ನೂ, ಅವರನ್ನು ಕಳುಹಿಸಿಕೊಟ್ಟು ಬಾಗಿಲಲ್ಲಿ ನಿಂತವರನ್ನೂ ಒಮ್ಮೆ ನೆನೆಯಿರೆಂದು ಪ್ರಾರ್ಥಿಸುತ್ತೇನೆ.