ರಕ್ತವಿಲ್ಲದ ಆ ಕೆಲವು ಗಂಟೆಗಳು



ಮಣಿಪಾಲದಿಂದ ಮಂಗಳೂರಿನತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಝೀರೋ ಟ್ರಾಫಿಕ್ ಮಾಡಿ ಆಂಬುಲೆನ್ಸ್ ಒಯ್ದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಅಪಘಾತದಲ್ಲಿ ತಲೆಗೆ ಜೋರು ಪೆಟ್ಟಾದರೆ ಗಾಯಾಳುವನ್ನು ಹೆಚ್ಚಾಗಿ ಮಣಿಪಾಲಕ್ಕೇ ಕರೆದೊಯ್ಯುತ್ತೇವೆ. ಎಷ್ಟು ಪ್ರಯತ್ನಿಸಿದರೂ ಮೆದುಳು ನಿಷ್ಕ್ರಿಯವಾಯಿತು, ಮನೆಯವರು ಅಂಗದಾನಕ್ಕೆ ಒಪ್ಪಿದರು ಎಂದಾದರೆ, ಅಂಗಗಳು ಯಾರಿಗೆ ಸಲ್ಲಬೇಕೆಂಬುದನ್ನು ಸರ್ಕಾರದ ಜೀವಸಾರ್ಥಕತೆ ಸಂಸ್ಥೆ ಸರದಿಯ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಲಿವರ್ ಮಂಗಳೂರಿಗೆ ಹೋಗಬಹುದು, ಬೆಂಗಳೂರಿಗೂ ಹೋಗಬಹುದು. ಒಂದು ದೇಹದಿಂದ ಹೊರಬಂದು ಇನ್ನೊಂದು ದೇಹ ಸೇರುವವರೆಗೆ ಅದಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಆ ಹೊತ್ತಿನಲ್ಲಿ ಅದನ್ನು ಕಾಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲ ಉಪಾಯ ತಣ್ಣಗಿಡುವುದು. ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ಐಸ್ ಹಾಕುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಸತ್ತ ಮೀನು ಕೆಡದಿದ್ದರೆ ಸಾಕು; ಲಿವರ್ ಜೀವಂತವಾಗಿಯೇ ಉಳಿಯಬೇಕು. ಅದು ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದುಹೋಗುತ್ತವೆ. ಹಾಗಾಗಿ ಮಂಜುಗಡ್ಡೆ ನೇರವಾಗಿ ತಾಗದಂತೆ ಚೀಲದೊಳಗೆ ಚೀಲವಿಟ್ಟು, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಆ ತಂಪಿನಲ್ಲಿ ಜೀವಕೋಶದ ಚಟುವಟಿಕೆ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೂಡಿಟ್ಟ ಶಕ್ತಿ ಮೆಲ್ಲಗೆ ಕರಗುತ್ತದೆ, ಸೋಡಿಯಂ ಹೊರದೂಡುವ ಪಂಪು ಸೋಲುತ್ತದೆ, ಒಳಗೆ ನೀರು ನುಗ್ಗಿ ಕೋಶ ಊದಿಕೊಳ್ಳುತ್ತದೆ.

ಈ ಊತ ತಡೆಯಲು, ಲಿವರಿನೊಳಗೆ ಹರಿಸಿಡುವ ವಿಶೇಷ ದ್ರಾವಣ ಬೇಕಾಯಿತು. ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ 1963ರಲ್ಲೇ ಮನುಷ್ಯನಿಗೆ ಲಿವರ್ ಕಸಿ ಮಾಡಲು ಕೈಹಾಕಿದ್ದರು; ರೋಗಿ ದೀರ್ಘಕಾಲ ಬದುಕಿದ ಮೊದಲ ಕಸಿ ಆದದ್ದು 1967ರಲ್ಲಿ. ಆಮೇಲೂ ಬಹಳ ಕಾಲ ವೈದ್ಯರು ಗಡಿಯಾರದ ಮುಳ್ಳಿನ ಜೊತೆ ಓಡಬೇಕಿತ್ತು. 1980ರ ದಶಕದ ಕೊನೆಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌಥರ್ಡ್ ತಯಾರಿಸಿದ ದ್ರಾವಣ ಬಂದ ಮೇಲೆ ಸ್ವಲ್ಪ ಉಸಿರಾಡುವಷ್ಟು ಸಮಯ ಸಿಕ್ಕಿತು. ಅದರಲ್ಲಿ ರಾಫಿನೋಸ್ ಇದೆ, ನಮ್ಮ ಬೇಳೆಕಾಳುಗಳಲ್ಲೂ ಇರುವ ಸಕ್ಕರೆ ಅದು. ಕೋಶ ಊದದಂತೆ ತಡೆಯುತ್ತದೆ. ಅಲೊಪ್ಯೂರಿನಾಲ್ ಕೂಡ ಇದೆ. ಯೂರಿಕ್ ಆಮ್ಲ ಹೆಚ್ಚಾಗಿ ಕಾಲ್ಬೆರಳು ಊದಿಕೊಂಡವರಿಗೆ ವೈದ್ಯರು ಕೊಡುವ ಅದೇ ಔಷಧ.

ಲಿವರಿಗೆ ಈ ಔಷಧ ಯಾಕೆ? ಇಲ್ಲೇ ಇರುವುದು ಇಡೀ ವಿಷಯದ ತಿರುಳು. ರಕ್ತ ನಿಂತಾಗ ಹಾನಿ, ಮರಳಿ ಬಂದಾಗ ಎಲ್ಲ ಸರಿ ಎಂದು ನಾವು ಭಾವಿಸುತ್ತೇವೆ. ಆದರೆ ದೊಡ್ಡ ಪೆಟ್ಟು ಬೀಳುವುದು ರಕ್ತ ಮರಳುವಾಗಲೇ. ಆಮ್ಲಜನಕವಿಲ್ಲದ ಹೊತ್ತಿನಲ್ಲಿ ಕೋಶದಲ್ಲಿ ಅರೆಬರೆ ರಾಸಾಯನಿಕಗಳು ಶೇಖರವಾಗಿರುತ್ತವೆ. ಬೆಚ್ಚಗಿನ ರಕ್ತದೊಡನೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ಅವು ಉರಿದು, ಕೋಶದ ಪೊರೆಯನ್ನೇ ಸುಡುವ ತೀಕ್ಷ್ಣ ಕಣಗಳು ಹುಟ್ಟುತ್ತವೆ. ಲಿವರಿನ ಕಾವಲು ಕೋಶಗಳು ಕೆರಳುತ್ತವೆ, ಬಿಳಿ ರಕ್ತಕಣಗಳು ಮುತ್ತಿಗೆ ಹಾಕುತ್ತವೆ, ಉರಿಯೂತ ಹಬ್ಬುತ್ತದೆ. ಆ ತೀಕ್ಷ್ಣ ಕಣಗಳು ಹುಟ್ಟುವ ಒಂದು ದಾರಿಯನ್ನು ಅಲೊಪ್ಯೂರಿನಾಲ್ ಮುಚ್ಚುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಈ ದ್ರಾವಣದಲ್ಲಿ ಪೊಟ್ಯಾಸಿಯಂ ಬಹಳ. ರಕ್ತನಾಳ ತೆರೆಯುವ ಮೊದಲು ಅದನ್ನು ತೊಳೆದು ತೆಗೆಯದಿದ್ದರೆ ರೋಗಿಯ ಹೃದಯವೇ ನಿಲ್ಲಬಹುದು.

ಎಲ್ಲ ಲಿವರೂ ಈ ಪೆಟ್ಟನ್ನು ಸಮನಾಗಿ ತಾಳಿಕೊಳ್ಳುವುದಿಲ್ಲ. ಕೊಬ್ಬು ತುಂಬಿದ ಲಿವರ್ ಬೇಗ ಸೋಲುತ್ತದೆ. ಮದ್ಯಪಾನ, ಬೊಜ್ಜು, ಸಕ್ಕರೆ ಕಾಯಿಲೆಯಿಂದ ಫ್ಯಾಟಿ ಲಿವರ್ ಹೆಚ್ಚಿದಷ್ಟೂ ದಾನಕ್ಕೆ ಯೋಗ್ಯವಾದ ಲಿವರ್ ಕಡಿಮೆಯಾಗುತ್ತದೆ. ಇದು ನನ್ನನ್ನು ತುಂಬ ಕಾಡುವ ಸಂಗತಿ.

ಈಗ ಯಂತ್ರಗಳು ಬಂದಿವೆ. ಐಸಿನಲ್ಲಿಡುವ ಬದಲು ದೇಹದ ಬಿಸಿಯಲ್ಲೇ ರಕ್ತ ಹರಿಸುತ್ತ ಇಡುವ ಯಂತ್ರದ ಬಗ್ಗೆ 2018ರಲ್ಲಿ ಯುರೋಪಿನ ಅಧ್ಯಯನವೊಂದು ಪ್ರಕಟವಾಯಿತು: ಲಿವರಿಗೆ ಆಗುವ ಹಾನಿ ಅರ್ಧದಷ್ಟು ತಗ್ಗಿತ್ತು. ಜ್ಯೂರಿಕ್‌ನ ವೈದ್ಯರು 2021ರಲ್ಲಿ, ಮೂರು ದಿನ ಯಂತ್ರದಲ್ಲಿ ಇಟ್ಟ ಲಿವರನ್ನು ಕಸಿ ಮಾಡಿದರು. ಆದರೆ ಈ ಯಂತ್ರಗಳು ದುಬಾರಿ. ಐಸ್ ಪೆಟ್ಟಿಗೆಯನ್ನೇ ನಂಬಿದಲ್ಲಿ ಲಿವರಿಗೆ ಸಿಗುವುದು ಹೆಚ್ಚೆಂದರೆ ಸುಮಾರು 12 ಗಂಟೆ. ಎಂಟು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಹೊರತೆಗೆಯುವುದು, ಸಾಗಿಸುವುದು, ಹೊಲಿಯುವುದು ಎಲ್ಲವೂ ಅದರೊಳಗೇ ಮುಗಿಯಬೇಕು. ಮಣಿಪಾಲದಿಂದ ಬೆಂಗಳೂರಿಗೆ ಘಾಟಿ ಹತ್ತಿ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆದ್ದರಿಂದಲೇ ಲಿವರನ್ನು ವಿಮಾನದಲ್ಲಿ ಕಳಿಸುವಾಗ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ತೆರವಾಗಿರಬೇಕು.

ಲಿವರಿನ ಕಷ್ಟ ಪೆಟ್ಟಿಗೆಗೆ ಬರುವ ಮೊದಲೇ ಶುರುವಾಗಿರುತ್ತದೆ. ಮೆದುಳು ನಿಷ್ಕ್ರಿಯವಾದ ಮೇಲೆ ರಕ್ತದೊತ್ತಡ ಏರಿಳಿಯುತ್ತದೆ, ಐಸಿಯುನಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಸುಲಭವಲ್ಲ. ಕಾನೂನಿನ ಪ್ರಕಾರ ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಅದರಲ್ಲಿ ಅವಸರ ಸಲ್ಲದು. ದುಃಖದಲ್ಲಿರುವ ಅಪ್ಪ ಅಮ್ಮನನ್ನು ಅವಸರಪಡಿಸುವುದಂತೂ ಸಲ್ಲವೇ ಸಲ್ಲದು. ಆದರೆ ಆ ಮನುಷ್ಯನ ಇಚ್ಛೆ ಏನಿತ್ತೆಂದು ಮನೆಯವರಿಗೆ ಮೊದಲೇ ಗೊತ್ತಿದ್ದರೆ, ಆಸ್ಪತ್ರೆಯ ವರಾಂಡದಲ್ಲಿ ನಿಂತು ಊಹಿಸುವ ಸಂಕಟ ಅವರಿಗೆ ತಪ್ಪುತ್ತದೆ. ಅಂಗದಾನದ ನೋಂದಣಿ ಮತ್ತು ಮಾಹಿತಿಗೆ ರಾಷ್ಟ್ರೀಯ ಸಂಸ್ಥೆಯ ಉಚಿತ ದೂರವಾಣಿ 1800 11 4770. ನಿಮ್ಮ ಮನಸ್ಸಿನಲ್ಲಿರುವುದನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿ.