ಕಾವಲೂ ಕರುಣೆಯೂ ಜೊತೆಯಾಗಲಿ

(ಬೇಸಗೆಯ ಸಬೀಲ್ ಉದ್ಘಾಟನಾ ಸಭೆಯಲ್ಲಿ ಮಾಡಿದ ಭಾಷಣ)



ಎಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರುಗಳ ತಾಪಮಾನವು 40 ಡಿಗ್ರಿಯನ್ನು ಮೀರುತ್ತದೆ. ಆ ಭಾಗದ ಸರಕಾರಿ ಕಚೇರಿಗಳನ್ನು ಬೇಸಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಬಹುಕಾಲದಿಂದ ಬಂದಿದೆ. ಆದರೆ ವೃತ್ತದಲ್ಲಿ ನಿಂತ ಪೊಲೀಸ್ ಪೇದೆಗೆ ಆ ಸೌಲಭ್ಯವಿಲ್ಲ. ಹಮಾಲಿಗೂ ಇಲ್ಲ, ತಳ್ಳುಗಾಡಿಯವನಿಗೂ ಇಲ್ಲ. ಈ ಸಬೀಲ್‌ನ ನೀರು ಇವರೆಲ್ಲರ ಹಕ್ಕು. ಇಲ್ಲಿ ಯಾರ ಜಾತಿ, ಧರ್ಮವನ್ನೂ ಕೇಳಬೇಕಾಗಿಲ್ಲ. ಬಾಯಾರಿದ ನಾಯಿಗೆ ನೀರುಣಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ)ರು ಕಲಿಸಿರುವಾಗ, ಮನುಷ್ಯರ ಮಾತೇನು?

ಖಲೀಫಾ ಉಮರ್(ರ)ರು ರಾತ್ರಿ ಗಸ್ತು ತಿರುಗುತ್ತಿದ್ದರು. ಹಸಿದು ಅಳುತ್ತಿದ್ದ ಮಕ್ಕಳನ್ನು ಕಂಡಾಗ ಉಗ್ರಾಣಕ್ಕೆ ಮರಳಿ, ಹಿಟ್ಟಿನ ಮೂಟೆಯನ್ನು ತಾವೇ ಹೊತ್ತು ತಂದರು. ಕಾವಲು ಮತ್ತು ಕರುಣೆ ಅಂದು ಒಂದೇ ಹೆಗಲ ಮೇಲಿದ್ದವು. ಇಂದು ಗಸ್ತು ಪೊಲೀಸರ ಕೈಯಲ್ಲಿದೆ, ಮೂಟೆ ಸಂಘ ಸಂಸ್ಥೆಗಳ ಕೈಯಲ್ಲಿದೆ. ಇವೆರಡನ್ನೂ ಜೋಡಿಸುವುದೇ ನಮ್ಮ ಕೆಲಸ.

ಒಂಟಿಯಾಗಿರುವ ವೃದ್ಧರು ಯಾವ ಮನೆಯಲ್ಲಿದ್ದಾರೆ, ರಜೆಯ ಮಕ್ಕಳು ಯಾವ ಕಲ್ಲುಕೋರೆಯಲ್ಲಿ ಈಜಲಿಳಿಯುತ್ತಾರೆ ಎಂಬುದು ಮೊಹಲ್ಲಾದವರಿಗೆ ತಿಳಿದಿರುತ್ತದೆ. ಅದನ್ನು ಬೀಟ್ ಪೊಲೀಸರಿಗೆ ತಿಳಿಸೋಣ. ತುರ್ತು ಸಂಖ್ಯೆ 112 ನಮ್ಮ ಹೆಣ್ಣುಮಕ್ಕಳಿಗೂ ಬಾಯಿಪಾಠವಾಗಿರಲಿ. ಅಪಘಾತದ ಗಾಯಾಳುವಿಗೆ ನೆರವಾದರೆ ಕೇಸಿನಲ್ಲಿ ಸಿಲುಕುತ್ತೇವೆಂಬ ಭಯ ಯುವಕರಿಗೆ ಬೇಡ. ಸದುದ್ದೇಶದಿಂದ ನೆರವಾಗುವವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ರಕ್ಷಣೆ ನೀಡಿದೆ.

ಠಾಣೆಯೆಂದರೆ ನಮ್ಮವರಲ್ಲಿ ಅಳುಕಿದೆ. ಅದಕ್ಕೆ ಕಾರಣಗಳಿಲ್ಲವೆಂದು ನಾವು ಹೇಳಲಾರೆವು. ಹಬ್ಬಕ್ಕೆ ಮುಂಚಿನ ಶಾಂತಿ ಸಭೆಗೆ ಮಾತ್ರ ನಮ್ಮನ್ನು ಕರೆಯುವ ಇಲಾಖೆ, ಸಂಕಟ ಬಂದಾಗ ಮಾತ್ರ ಠಾಣೆಯ ಮೆಟ್ಟಿಲೇರುವ ನಾವು; ಇಬ್ಬರ ನಡುವೆ ವಿಶ್ವಾಸ ಬೆಳೆಯುವುದಾದರೂ ಎಂತು? ನಮ್ಮ ಓಣಿಗಳಿಗೆ 'ಸೂಕ್ಷ್ಮ ಪ್ರದೇಶ'ವೆಂಬ ಹಣೆಪಟ್ಟಿ ಹಚ್ಚುವವರು ಇಲ್ಲಿನ ಈ ಸಬೀಲನ್ನೂ ನೋಡಲಿ. ನಾವು ಕೂಡಾ ಸಮವಸ್ತ್ರದೊಳಗಿನ ಮನುಷ್ಯನನ್ನು ನೋಡೋಣ.

ಆದರೆ ಸೇವೆಯು ಲಂಚವಲ್ಲ. ನೀರು ಕೊಟ್ಟೆವೆಂದು ಅನ್ಯಾಯದ ಮುಂದೆ ಮೌನವಾಗಿರಬೇಕಾಗಿಲ್ಲ. ಅನ್ಯಾಯವನ್ನು ಪ್ರಶ್ನಿಸುತ್ತೇವೆಂದು ನೀರು ಕೊಡದಿರಬೇಕಾಗಿಯೂ ಇಲ್ಲ. ಅಧಿಕಾರಿಗಳೊಂದಿಗಿನ ಭಾವಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಮುಚ್ಚಿಹೋಗುವ ಸಬೀಲ್ ನಮ್ಮದಾಗದಿರಲಿ. ಮೊದಲ ಮಳೆ ಬೀಳುವ ತನಕ ಪ್ರತಿದಿನ ಈ ಕೊಡಗಳನ್ನು ತುಂಬುವವರು ಯಾರೆಂಬುದನ್ನು ಈ ಸಭೆಯಿಂದ ಏಳುವ ಮುಂಚೆಯೇ ನಿರ್ಧರಿಸೋಣ.

ಅಲ್ಲಾಹನು ನಮ್ಮ ಸತ್ಕರ್ಮಗಳನ್ನು ಸ್ವೀಕರಿಸಲಿ. ಆಮೀನ್.